ಕಡಲ ಗಡಿ ಕಾಯ್ದ ಶ್ರಾವಿಕೆ: ರಾಣಿ ಚೆನ್ನಭೈರಾದೇವಿ

ಜೈನಾಗಮವು ಧರ್ಮವನ್ನು ಎರಡು ನೆಲೆಗಳಲ್ಲಿ ನಿರೂಪಿಸುತ್ತದೆ. ಸರ್ವಸಂಗಗಳನ್ನೂ ತೊರೆದ ಮುನಿಗೆ ಮಹಾವ್ರತ. ಮನೆ, ಮಕ್ಕಳು, ಹೊಲ, ಅಂಗಡಿ, ಅರಸೊತ್ತಿಗೆಗಳ ನಡುವೆ ಬಾಳುವ ಶ್ರಾವಕನಿಗೆ ಅಣುವ್ರತ. ಮುನಿಯು ಪೃಥ್ವೀಕಾಯದಿಂದ ಮೊದಲ್ಗೊಂಡು ಸಕಲ ಜೀವಿಗಳಿಗೂ ಅಭಯವನ್ನಿತ್ತವನು. ಶ್ರಾವಕನಾದರೋ ಒಲೆ ಹಚ್ಚಬೇಕು, ನೇಗಿಲು ಹೂಡಬೇಕು, ಮನೆಗೆ ನುಗ್ಗುವ ಕಳ್ಳನನ್ನು ತಡೆಯಬೇಕು. ಆದುದರಿಂದಲೇ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವಾಣಿಜ್ಯ ಮುಂತಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆಕ್ರಮಿಸಿ ಬಂದವನನ್ನು ಎದುರಿಸುವಾಗ ಒದಗುವುದು ವಿರೋಧೀ ಹಿಂಸೆ. ಇವುಗಳಲ್ಲಿ ಮೊದಲನೆಯದನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ, ಆದಷ್ಟು ಕಡಿಮೆ ಮಾಡಿಕೊಳ್ಳುತ್ತ ಸಾಗಬೇಕು.

ಒಂದು ಮನೆಯ ಯಜಮಾನನಿಗೆ ಈ ವಿವೇಕವನ್ನು ಪಾಲಿಸುವುದು ಕಷ್ಟಸಾಧ್ಯವೆಂದ ಮೇಲೆ, ಒಂದು ರಾಜ್ಯದ ಭಾರ ಹೊತ್ತವರಿಗೆ ಅದು ಇನ್ನೆಷ್ಟು ಕಠಿನವಾಗಿರಬೇಕು? ಅದರಲ್ಲಿಯೂ ಆ ರಾಜ್ಯದ ಒಂದು ಮಗ್ಗುಲು ಬೇಲಿಯಿಲ್ಲದ ಕಡಲಾಗಿದ್ದು, ಆ ಕಡಲನ್ನೆಲ್ಲ ತನ್ನದೆಂದು ಸಾರುವ ಶತ್ರುವು ತೋಪುಗಳೊಡನೆ ಬಂದು ನಿಂತಿರುವಾಗ? ಹದಿನಾರನೆಯ ಶತಮಾನದ ಕನ್ನಡ ಕರಾವಳಿಯಲ್ಲಿ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರಿಸಬೇಕಾಗಿ ಬಂದವಳು ಗೇರುಸೊಪ್ಪೆಯ ಮಹಾಮಂಡಲೇಶ್ವರಿ ರಾಣಿ ಚೆನ್ನಭೈರಾದೇವಿ.

ಮೆಣಸಿನ ನಾಡು, ಬಸದಿಗಳ ನಗರ

ಶರಾವತಿ ನದಿಯು ಜೋಗದಲ್ಲಿ ಧುಮುಕಿ, ಪಶ್ಚಿಮಘಟ್ಟದ ಕಣಿವೆಯೊಳಗೆ ಹರಿದು, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜಲಪಾತಕ್ಕೂ ಸಮುದ್ರಕ್ಕೂ ನಡುವೆ, ಘಟ್ಟವು ಇಳಿದು ನದಿಯು ದೋಣಿಗಳಿಗೆ ದಾರಿಕೊಡುವ ಎಡೆಯಲ್ಲಿ ಗೇರುಸೊಪ್ಪೆಯಿದೆ. ನಗಿರೆ ರಾಜ್ಯವೆಂದು ಶಾಸನಗಳಲ್ಲಿ ಹೆಸರಾದ ಸೀಮೆಗೆ ಇದು ರಾಜಧಾನಿ. ಇಲ್ಲಿ ಆಳಿದ ಸಾಳುವ ಮನೆತನದವರು ಜಿನಧರ್ಮಾನುಯಾಯಿಗಳು, ವಿಜಯನಗರದ ಅರಸರಿಗೆ ಮಾಂಡಲಿಕರು. ಸಂಗೀತಪುರವೆಂದು ಖ್ಯಾತವಾದ ಹಾಡುವಳ್ಳಿಯೂ, ಕರಾವಳಿಯ ದೊಡ್ಡ ರೇವುಪಟ್ಟಣವಾದ ಭಟ್ಕಳವೂ ಇದೇ ಮನೆತನದ ಇತಿಹಾಸದೊಡನೆ ಹೆಣೆದುಕೊಂಡಿವೆ.

ಈ ನಾಡಿನ ಸಂಪತ್ತು ಕಾಳುಮೆಣಸು. ಘಟ್ಟದ ನೆರಳು, ಮಳೆಯ ತೇವ, ಆಸರೆಗೆ ಮರ, ಇವಿಷ್ಟಿದ್ದರೆ ಬಳ್ಳಿ ತಾನಾಗಿ ಹಬ್ಬುತ್ತದೆ. ಬಿಡಿಸಿದ ಕರೆಯನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಅದು ವರ್ಷಗಟ್ಟಲೆ ಕೆಡದು, ಹಗುರ, ಸಾಗಿಸಲು ಸುಲಭ. ಘಟ್ಟದ ಮೇಲಿನಿಂದ ಎತ್ತುಗಳ ಮೇಲೆ ಇಳಿದ ಮೆಣಸು ಗೇರುಸೊಪ್ಪೆಯಲ್ಲಿ ದೋಣಿಯೇರಿ ಹೊನ್ನಾವರಕ್ಕೆ ಸಾಗುತ್ತಿತ್ತು. ಅಲ್ಲಿಂದ ಅರಬ್ಬರ, ಗುಜರಾತಿಗಳ, ಮಲಬಾರಿಗಳ ಹಡಗುಗಳಲ್ಲಿ ಹೊರದೇಶಗಳಿಗೆ ಹೋಗುತ್ತಿತ್ತು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಡುತ್ತಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು.

ಈ ವಾಣಿಜ್ಯದ ಫಲವು ಧರ್ಮಕ್ಷೇತ್ರಗಳಿಗೂ ಹರಿಯಿತು. ಗೇರುಸೊಪ್ಪೆಯ ಬಳಿಯ ನಗರಬಸ್ತಿಕೇರಿಯಲ್ಲಿ ಪಾರ್ಶ್ವನಾಥ, ನೇಮಿನಾಥ, ವರ್ಧಮಾನರ ಬಸದಿಗಳೂ, ಜ್ವಾಲಾಮಾಲಿನಿಯ ಗುಡಿಯೂ, ಚತುರ್ಮುಖ ಬಸದಿಯೂ ಎದ್ದವು. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇಂದಿಗೂ ಆ ಸಮೃದ್ಧಿಯ ಕುರುಹಾಗಿ ನಿಂತಿದೆ.

ಕಡಲಿಗೆ ಹಾಕಿದ ಬೇಲಿ

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನು. ಅದುವರೆಗೆ ಹಿಂದೂ ಮಹಾಸಾಗರದಲ್ಲಿ ವ್ಯಾಪಾರವು ಒಬ್ಬ ಅರಸನ ಆಸ್ತಿಯಾಗಿರಲಿಲ್ಲ. ರೇವಿನ ಒಡೆಯನು ಸುಂಕ ಪಡೆಯುತ್ತಿದ್ದನು, ಬಂದವರಿಗೆ ರಕ್ಷಣೆ ಕೊಡುತ್ತಿದ್ದನು. ಕಡಲಲ್ಲಿ ಯಾರು ಎಲ್ಲಿಗೆ ಹೋಗಬೇಕೆಂಬುದನ್ನು ಗಾಳಿಯೂ ಲಾಭವೂ ನಿರ್ಣಯಿಸುತ್ತಿದ್ದವು. ಪೋರ್ಚುಗೀಸರು ಈ ಪದ್ಧತಿಯನ್ನು ಬುಡಮೇಲು ಮಾಡಿದರು. ಕಡಲೇ ತಮ್ಮ ರಾಜನದೆಂದರು. ಏಷ್ಯದ ಯಾವುದೇ ಹಡಗು ಪಯಣ ಬೆಳೆಸಬೇಕಾದರೆ ಅವರಿಂದ ಕಾರ್ತಾಜ್ ಎಂಬ ಪರವಾನಗಿಯನ್ನು ಹಣಕೊಟ್ಟು ಪಡೆಯಬೇಕಿತ್ತು, ಅವರ ರೇವಿನಲ್ಲಿ ತಂಗಿ ಸುಂಕ ತೆರಬೇಕಿತ್ತು. ಕಾಳುಮೆಣಸಿನ ವ್ಯಾಪಾರವನ್ನು ತಮಗೇ ಮೀಸಲೆಂದು ಸಾರಿದರು. ಪರವಾನಗಿಯಿಲ್ಲದ ಹಡಗನ್ನು ಹಿಡಿದು ಸರಕನ್ನು ದೋಚಿ, ಎಷ್ಟೋ ಸಲ ಸುಟ್ಟುಹಾಕುತ್ತಿದ್ದರು.

ಕನ್ನಡ ಕರಾವಳಿಯು ಇದರ ಬಿಸಿಯನ್ನು ಬಹುಬೇಗ ಅನುಭವಿಸಿತು. 1502ರಲ್ಲಿ ಗಾಮನು ಎರಡನೆಯ ಸಲ ಬಂದಾಗ ಭಟ್ಕಳದ ಮೇಲೆ ಬಲಪ್ರಯೋಗ ಮಾಡಿ, ವರ್ಷಕ್ಕಿಷ್ಟು ಅಕ್ಕಿಯನ್ನು ಕಪ್ಪವಾಗಿ ಕೊಡಬೇಕೆಂದೂ, ಅಲ್ಲಿ ಮೆಣಸಿನ ವ್ಯಾಪಾರ ನಡೆಯಬಾರದೆಂದೂ, ತುರ್ಕರಿಗೆ ಎಡೆಗೊಡಬಾರದೆಂದೂ ಷರತ್ತು ಹಾಕಿದನು. 1505ರಲ್ಲಿ ಅಲ್ಮೇಡನು ಹೊನ್ನಾವರದ ರೇವಿನಲ್ಲಿ ನಿಂತಿದ್ದ ಹಡಗುಗಳನ್ನು ಸುಟ್ಟನು. ಐದು ವರ್ಷಗಳ ತರುವಾಯ, ಅದೇ ಹೊನ್ನಾವರದಲ್ಲಿ ನೌಕಾಬಲ ಕಟ್ಟಿಕೊಂಡಿದ್ದ ತಿಮ್ಮಯ್ಯನು ಅಲ್ಬುಕರ್ಕನಿಗೆ ಗೋವೆಯ ದಾರಿ ತೋರಿದನು. ನೆರೆಯವರ ಮೇಲಿನ ಹಗೆಯು ಪರಕೀಯನಿಗೆ ಬಾಗಿಲು ತೆರೆಯುವ ದುರಂತವು ಈ ಕರಾವಳಿಯಲ್ಲಿ ಅಂದಿನಿಂದಲೂ ನಡೆದುಬಂದಿದೆ. 1542ರಲ್ಲಿ ಮಾರ್ಟಿಂ ಅಫೋನ್ಸೊ ಡ ಸೌಜನು ಭಟ್ಕಳವನ್ನು ಮುತ್ತಿ, ಪಟ್ಟಣವನ್ನು ಬೆಂಕಿಗೆ ಆಹುತಿ ಮಾಡಿದನು.

ಶ್ರಾವಕಾಚಾರದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೂ ವ್ಯವಹಾರಕ್ಕೂ ಒಂದು ಎಲ್ಲೆಯನ್ನು ಶ್ರಾವಕನು ಜೀವನಪರ್ಯಂತ ನಿಶ್ಚಯಿಸಿಕೊಳ್ಳಬೇಕು. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಎಂಬ ಪ್ರಸಿದ್ಧವಾದ ಗುರುತುಗಳನ್ನೇ ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೋಧಿಸಿದ್ದಾರೆ. ಲೋಭದಿಂದ ಆ ಎಲ್ಲೆಯನ್ನು ಹಿಗ್ಗಿಸುವುದು ಕ್ಷೇತ್ರವೃದ್ಧಿಯೆಂಬ ಅತಿಚಾರ. ಎಲ್ಲೆಯ ಆಚೆಗೆ ತನ್ನ ಪಾಪಕಾರ್ಯವು ಹಬ್ಬಲಾರದೆಂಬುದೇ ಈ ವ್ರತದ ಪ್ರಯೋಜನ. ಕಡಲಿಗೇ ಬೇಲಿ ಹಾಕಹೊರಟವರ ನಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎಲ್ಲೆಯರಿಯದ ಆಸೆ ಎಷ್ಟು ದೂರದ ಜೀವಿಗಳನ್ನು ಸುಡಬಲ್ಲದೆಂಬುದು ಮನವರಿಕೆಯಾಗುತ್ತದೆ.

ಪಟ್ಟಕ್ಕೆ ಬಂದ ಕಾಲ

ಇಂತಹ ಕಾಲದಲ್ಲಿ ಚೆನ್ನಭೈರಾದೇವಿಯು ಪಟ್ಟವೇರಿದಳು. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆ, 54 ವರ್ಷಗಳೆಂದು ಎಣಿಸಲಾಗುತ್ತದೆ. ಭಾರತದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಸಿಂಹಾಸನದಲ್ಲಿದ್ದ ರಾಣಿಯರು ವಿರಳ. ಶರಾವತಿ, ಅಘನಾಶಿನಿ ಕಣಿವೆಗಳ ಮೆಣಸಿನ ಸೀಮೆಯು ಆಕೆಯ ರಾಜ್ಯದ ತಿರುಳು. ಉತ್ತರದಿಂದ ಗೋವೆಯ ಪೋರ್ಚುಗೀಸರೂ ಬಿಜಾಪುರದ ಆದಿಲಶಾಹಿಯೂ, ಘಟ್ಟದ ಮೇಲಿನಿಂದ ಬೆಳೆಯುತ್ತಿದ್ದ ಕೆಳದಿಯ ನಾಯಕರೂ, ಪಕ್ಕದಲ್ಲಿ ಬಿಳಗಿಯ ಅರಸರೂ ಆಕೆಯ ನಾಡಿನತ್ತ ಕಣ್ಣಿಟ್ಟಿದ್ದರು.

ಮೊದಲ ಹದಿಮೂರು ವರ್ಷ ಆಕೆಯ ಬೆನ್ನಿಗೆ ವಿಜಯನಗರವಿತ್ತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಆ ಸಾಮ್ರಾಜ್ಯವು ಮುರಿದುಬಿತ್ತು. ಕರಾವಳಿಯ ಸಣ್ಣ ರಾಜ್ಯಗಳು ಒಮ್ಮೆಗೇ ಒಡೆಯನಿಲ್ಲದವುಗಳಾದವು. ಕುದುರೆಯ ವ್ಯಾಪಾರಕ್ಕೆ ದೊಡ್ಡ ಗಿರಾಕಿ ಇಲ್ಲವಾದನು. ಆಪತ್ತಿನಲ್ಲಿ ಮೊರೆಯಿಡಲು ಸಾರ್ವಭೌಮನೂ ಇಲ್ಲವಾದನು. ಪೋರ್ಚುಗೀಸರು ಈ ಸಂದರ್ಭವನ್ನು ಬಿಡಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. 1569ರಲ್ಲಿ ವೈಸರಾಯ್ ಲೂಯಿಸ್ ಡ ಅತಾಯಿಡೆಯು ನೌಕಾಪಡೆಯೊಡನೆ ಬಂದು ಹೊನ್ನಾವರವನ್ನು ಮುತ್ತಿದನು. ಊರಿನ ಬಹುಭಾಗ ಸುಟ್ಟುಹೋಯಿತು, ಕೋಟೆ ಶತ್ರುವಿನ ಕೈಸೇರಿತು. ಅದೇ ದಂಡಯಾತ್ರೆಯಲ್ಲಿ ಬಸರೂರೂ ಅವರ ವಶವಾಯಿತು. ಶರಾವತಿಯ ಬಾಯಿಯಲ್ಲಿಯೇ ಪರಕೀಯರ ಕಾವಲು ಕುಳಿತಂತಾಯಿತು.

ಅಳಿವೆ, ನದಿ, ಅಡವಿ

ಗೇರುಸೊಪ್ಪೆಯಂತಹ ರಾಜ್ಯವು ತೋಪುಗಳನ್ನು ಹೊತ್ತ ಮಹಾನೌಕೆಗಳನ್ನು ನಡುಗಡಲಲ್ಲಿ ಎದುರಿಸುವುದು ಸಾಧ್ಯವಿರಲಿಲ್ಲ. ಆದರೆ ಕರಾವಳಿಯ ಪ್ರಕೃತಿಯೇ ಒಂದು ಕೋಟೆ. ನದಿಯು ಕಡಲು ಸೇರುವ ಅಳಿವೆಯಲ್ಲಿ ಮರಳದಿಣ್ಣೆ ಕಟ್ಟುತ್ತದೆ. ಆಳವಾದ ತಳವುಳ್ಳ ದೊಡ್ಡ ಹಡಗು ಅದನ್ನು ದಾಟಲಾರದು, ಹೊರಗೇ ಲಂಗರು ಹಾಕಬೇಕು. ಮುಂಗಾರು ಹಿಡಿದ ನಾಲ್ಕು ತಿಂಗಳು ಕಡಲು ಮುಚ್ಚಿಹೋಗುತ್ತದೆ, ನೌಕಾಬಲವೆಂಬುದು ಆಗ ನಿಷ್ಪ್ರಯೋಜಕ. ರಾಜಧಾನಿಯು ಹೊನ್ನಾವರದಿಂದ ಸುಮಾರು ಮೂವತ್ತು ಕಿಲೋಮೀಟರು ಒಳಗೆ, ನದಿಯ ತಿರುವುಗಳಾಚೆ, ಅಡವಿಯ ಮರೆಯಲ್ಲಿದ್ದುದು ತೋಪಿನ ಗುಂಡಿಗೆ ನಿಲುಕುತ್ತಿರಲಿಲ್ಲ. ರೇವು ಹೋದರೂ ರಾಜ್ಯ ಉಳಿಯುತ್ತಿತ್ತು, ಮೆಣಸಿನ ಕೀಲಿಕೈ ಒಳನಾಡಿನಲ್ಲಿಯೇ ಇರುತ್ತಿತ್ತು. ಕುಮಟೆಯ ಬಳಿ ಅಘನಾಶಿನಿಯ ದಡದಲ್ಲಿರುವ ಮಿರ್ಜಾನ್ ಕೋಟೆಯನ್ನು ಜನಪರಂಪರೆಯು ಈ ರಾಣಿಯ ಹೆಸರಿನೊಡನೆಯೇ ಸ್ಮರಿಸುತ್ತದೆ. ನದಿಮುಖದ ಒಳಗೆ, ದೋಣಿಗಳ ಹಾದಿಯನ್ನು ಕಾಯುವಂತೆ ಅದು ನೆಲೆಗೊಂಡಿರುವುದನ್ನು ನೋಡಿದರೆ, ಕರಾವಳಿಯ ರಕ್ಷಣೆಯೆಂದರೆ ನದಿಗಳ ರಕ್ಷಣೆಯೆಂದು ಆ ಕಾಲದವರು ತಿಳಿದಿದ್ದುದು ಸ್ಪಷ್ಟವಾಗುತ್ತದೆ.

1570ರಲ್ಲಿ ಪೋರ್ಚುಗೀಸರ ವಿರುದ್ಧ ಒಂದು ದೊಡ್ಡ ಕೂಟವೇ ಏರ್ಪಟ್ಟಿತು. ಬಿಜಾಪುರದ ಅಲಿ ಆದಿಲಶಹನು ಗೋವೆಯನ್ನು ಮುತ್ತಿದನು. ಅಹಮದನಗರದ ನಿಜಾಮಶಹನು ಚೌಲನ್ನು ಮುತ್ತಿದನು. ಕಲ್ಲಿಕೋಟೆಯ ಸಾಮೂದಿರಿಯು ಮಲಬಾರಿನಲ್ಲಿ ಯುದ್ಧ ಹೂಡಿದನು. ಈ ಕೂಟದೊಡನೆ ಕೈಜೋಡಿಸಿದ ಗೇರುಸೊಪ್ಪೆಯ ರಾಣಿಯು ಬಿಜಾಪುರದ ದಳದ ನೆರವಿನೊಡನೆ ತನ್ನ ಸೈನ್ಯವನ್ನು ಕಳುಹಿಸಿ ಹೊನ್ನಾವರದ ಕೋಟೆಯನ್ನು ಮುತ್ತಿದಳು. ಜಿನಮಾರ್ಗದ ಅರಸಿ, ಶಿಯಾ ಮತದ ಸುಲ್ತಾನ, ವೈದಿಕ ಮಾರ್ಗದ ಸಾಮೂದಿರಿ ಒಂದೇ ಆಪತ್ತಿನ ಎದುರು ಒಂದಾದ ಪ್ರಸಂಗವಿದು.

ಫಲ ಮಿಶ್ರವಾಗಿತ್ತು. ಸಾಮೂದಿರಿಯು 1571ರಲ್ಲಿ ಚಾಲಿಯಂ ಕೋಟೆಯನ್ನು ಗೆದ್ದು ನೆಲಸಮ ಮಾಡಿದನು. ಗೋವೆ, ಚೌಲುಗಳ ಮುತ್ತಿಗೆ ಸಫಲವಾಗಲಿಲ್ಲ. ಹೊನ್ನಾವರಕ್ಕೆ ಗೋವೆಯಿಂದ ಸಮುದ್ರಮಾರ್ಗವಾಗಿ ಸಹಾಯ ಬಂದಿತು. ಹುಟ್ಟುಹಾಕುವ ಚಿಕ್ಕ ನೌಕೆಗಳು ಅಳಿವೆಯನ್ನು ದಾಟಿ ಕೋಟೆಯನ್ನು ತಲಪಿದವು. ರಾಣಿಯ ಸೈನ್ಯ ಹಿಂದೆಗೆಯಬೇಕಾಯಿತು. ನೆಲದ ಮೇಲೆ ಸುತ್ತುವರಿದ ಕೋಟೆಗೆ ಕಡಲ ಕಡೆಯ ಬಾಗಿಲು ತೆರೆದೇ ಇರುವವರೆಗೆ ಮುತ್ತಿಗೆ ಪೂರ್ಣವಾಗದೆಂಬ ಕಠಿನ ಸತ್ಯ ಅಂದು ಗೋಚರವಾಯಿತು.

ಇಲ್ಲಿ ವಿರೋಧೀ ಹಿಂಸೆಯ ವಿಚಾರವನ್ನು ಮತ್ತೆ ನೆನೆಯಬೇಕು. ಹತ್ತನೆಯ ಶತಮಾನದ ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಜೈನ ಅರಸನ ಆಯುಧಕ್ಕೆ ಒಂದು ಮಿತಿಯನ್ನು ವಿಧಿಸಿದ್ದಾರೆ. ರಣದಲ್ಲಿ ಶಸ್ತ್ರ ಹಿಡಿದು ಎದುರಾದವನ ಮೇಲೆ, ದೇಶಕ್ಕೆ ಕಂಟಕನಾದವನ ಮೇಲೆ ಮಾತ್ರ ಅದು ಏಳಬೇಕು. ದೀನರ ಮೇಲೆ, ನಿರಾಯುಧರ ಮೇಲೆ, ಸದ್ಭಾವವುಳ್ಳವರ ಮೇಲೆ ಏಳಕೂಡದೆಂಬುದು ಅದರ ಸಾರ. ಚೆನ್ನಭೈರಾದೇವಿಯು ಮುತ್ತಿದ್ದು ತನ್ನ ನದಿಯ ಬಾಯಿಯಲ್ಲಿ ಕುಳಿತ ಕೋಟೆಯನ್ನು. ತನ್ನ ಎಲ್ಲೆಯ ಆಚೆಗಿನ ನಾಡುಗಳನ್ನು ಗೆಲ್ಲಲು ಆಕೆ ದಂಡೆತ್ತಿ ಹೋದವಳಲ್ಲ. ಹೀಗಿದ್ದರೂ ವಿರೋಧೀ ಹಿಂಸೆಯು ಪುಣ್ಯಕಾರ್ಯವೆಂದು ಆಗಮವು ಎಲ್ಲಿಯೂ ಹೇಳಿಲ್ಲ. ಅದು ಗೃಹಸ್ಥನಿಗೆ ಅನಿವಾರ್ಯ. ಅದರ ಕರ್ಮಬಂಧವು ಇದ್ದೇ ಇದೆ. ಕಷಾಯ ಎಷ್ಟು ಮಂದವೋ ಬಂಧವೂ ಅಷ್ಟು ಮಂದ. ಆದುದರಿಂದ ಯುದ್ಧ ಮುಗಿದ ಮೇಲೆ ಹಗೆಯನ್ನು ಮುಂದುವರಿಸುವನೋ, ಇಲ್ಲವೋ ಎಂಬುದರಲ್ಲಿ ಶ್ರಾವಕನ ಪರೀಕ್ಷೆ ಅಡಗಿದೆ.

ತೂಕ ತಪ್ಪದ ವ್ಯಾಪಾರ

ಮುತ್ತಿಗೆ ಫಲಿಸದಿದ್ದ ಮೇಲೆ ರಾಣಿಯು ಹಿಡಿದ ದಾರಿ ಗಮನಾರ್ಹವಾದುದು. ಹೊನ್ನಾವರದ ಕೋಟೆ ಪೋರ್ಚುಗೀಸರಲ್ಲಿಯೇ ಉಳಿಯಿತು, ಅವರೊಡನೆ ವ್ಯಾಪಾರವೂ ನಡೆಯಿತು. ಆದರೆ ಅದು ಕೊಡುವವಳ ಷರತ್ತಿನ ಮೇಲೆ ನಡೆದ ವ್ಯಾಪಾರ. 1583ರಿಂದ ಐದಾರು ವರ್ಷ ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟೆನ್ ಇದನ್ನು ದಾಖಲಿಸಿದ್ದಾನೆ. ಆಕೆಯನ್ನು ಭಟ್ಕಳದ ರಾಣಿಯೆಂದು ಕರೆಯುವ ಆತನು, ಹೊನ್ನಾವರದಿಂದ ವರ್ಷಕ್ಕೆ 7ರಿಂದ 8 ಸಾವಿರ ಕ್ವಿಂಟಾಲ್ ಮೆಣಸು ಹಡಗೇರುತ್ತಿತ್ತೆಂದೂ, ಅದು ಭಾರತದಲ್ಲಿಯೇ ಉತ್ತಮವಾದ, ಗಟ್ಟಿಯಾದ ಕಾಳೆಂದೂ ಬರೆಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದನ್ನೂ ಹೇಳುತ್ತಾನೆ: ಪೋರ್ಚುಗೀಸರ ವ್ಯವಹಾರಾಧಿಕಾರಿಯು ಮೆಣಸು ಕೈಸೇರುವುದಕ್ಕೆ ಆರು ತಿಂಗಳು ಮುಂಚಿತವಾಗಿಯೇ ರಾಣಿಗೆ ಹಣವನ್ನು ಸಲ್ಲಿಸಬೇಕಾಗಿತ್ತು.

ಈ ಒಂದು ಕರಾರಿನಲ್ಲಿ ಒಂದು ರಾಜ್ಯದ ವಾಣಿಜ್ಯನೀತಿಯೇ ಅಡಗಿದೆ. ಪೋರ್ಚುಗೀಸರು ಮೆಣಸನ್ನು ಅಗ್ಗದ, ನಿಶ್ಚಿತ ದರಕ್ಕೆ ಕೊಳ್ಳಬಯಸುತ್ತಿದ್ದರು. ಅವರ ಬಳಿ ನಗದು ಹಣದ ಕೊರತೆ ಸದಾ ಇರುತ್ತಿತ್ತು. ಕೊಂಡ ಮೇಲೆ ಹಣಕ್ಕೆ ಕಾಯಿಸುವುದು ಸಾಮಾನ್ಯ. ಮುಂಗಡವನ್ನು ಕಡ್ಡಾಯಗೊಳಿಸಿದಾಗ ಕಾಯುವ ಕಷ್ಟ ಕೊಳ್ಳುವವನ ಪಾಲಿಗೆ ಹೋಯಿತು. ಘಟ್ಟದ ಬೆಳೆಗಾರನಿಂದ ಎತ್ತಿನವನವರೆಗೆ, ದೋಣಿಯವನಿಂದ ಸೆಟ್ಟಿಯವರೆಗೆ ಹಣದ ಹರಿವು ನಿಲ್ಲದಂತಾಯಿತು. ತೋಪಿನ ಬಲದಿಂದ ಕೋಟೆಯನ್ನು ಹಿಡಿದವರು ಮೆಣಸಿಗಾಗಿ ಹಣದ ಥೈಲಿ ಹಿಡಿದು ನಿಲ್ಲಬೇಕಾಯಿತು. ಕೊಚ್ಚಿಯ ರೇವಿನಲ್ಲಿ ಮೆಣಸಿನ ಪೂರೈಕೆ ಕುಗ್ಗುತ್ತಿದ್ದ ಆ ದಶಕಗಳಲ್ಲಿ ಕನ್ನಡ ಕರಾವಳಿಯ ಮೆಣಸಿನ ಮೇಲಿನ ಅವರ ಅವಲಂಬನೆ ಬೆಳೆಯುತ್ತಲೇ ಹೋಯಿತು. ಅವರು ಆಕೆಗಿತ್ತ ರೈನಾ ದ ಪಿಮೆಂಟಾ, ಅಂದರೆ ಕಾಳುಮೆಣಸಿನ ರಾಣಿ ಎಂಬ ಹೆಸರು ಈ ಅವಲಂಬನೆಯಿಂದಲೇ ಹುಟ್ಟಿತು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮಕ್ಕೆ ವಿರುದ್ಧವಾಗಿ ವ್ಯಾಪಾರ ಮಾಡುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯದಕ್ಕೆ ಕೀಳನ್ನು ಬೆರೆಸಿ ಮಾರುವುದು. ವ್ಯಾಪಾರವನ್ನೇ ಕುಲವೃತ್ತಿಯಾಗಿ ಹಿಡಿದ ಸಮಾಜಕ್ಕೆ ಇದಕ್ಕಿಂತ ಸ್ಪಷ್ಟವಾದ ನೀತಿಸಂಹಿತೆ ಬೇಡ. ಮೆಣಸಿಗೆ ಜೊಳ್ಳು, ಮಣ್ಣು ಬೆರೆಸುವುದು ಎಲ್ಲ ಕಾಲದಲ್ಲಿಯೂ ಸುಲಭದ ಮೋಸ. ದೂರದೇಶದ ಪ್ರವಾಸಿಯೊಬ್ಬನು ಹೊನ್ನಾವರದ ಕಾಳನ್ನೇ ಶ್ರೇಷ್ಠವೆಂದು ಗುರುತಿಸಿದನೆಂದರೆ, ಆ ರೇವಿನ ತಕ್ಕಡಿಗೂ ಒಂದು ಮರ್ಯಾದೆ ಇದ್ದಿರಬೇಕು. ಸೋಮದೇವಸೂರಿಗಳ ನೀತಿವಾಕ್ಯಾಮೃತವು ನ್ಯಾಯದಿಂದ ರಕ್ಷಿಸಲ್ಪಟ್ಟ ವ್ಯಾಪಾರಸ್ಥಳವನ್ನು ಅರಸರ ಪಾಲಿನ ಕಾಮಧೇನುವಿಗೆ ಹೋಲಿಸುತ್ತದೆ. ಕಾಮಧೇನುವನ್ನು ಕಟ್ಟಿಹಾಕಿ ಹೊಡೆದರೆ ಹಾಲು ದೊರೆಯದು. ಪರವಾನಗಿ, ಬೆಂಕಿ, ಬಂಧನಗಳಿಂದ ಕಡಲ ವ್ಯಾಪಾರವನ್ನು ಹಿಂಡಹೊರಟವರಿಗೂ, ರೇವನ್ನು ಕಾಯ್ದು ಬಂದವರಿಗೆ ಬೆಲೆ ಕಟ್ಟಿ ಮಾರಿದವಳಿಗೂ ಇದ್ದ ಅಂತರ ಇದೇ.

ಹಲವು ಮತಗಳ ರೇವು

ಕಡಲ ವ್ಯಾಪಾರವು ಒಂದೇ ಮತದವರಿಂದ ನಡೆಯತಕ್ಕದ್ದಲ್ಲ. ಭಟ್ಕಳದಲ್ಲಿ ನವಾಯತ ಮುಸಲ್ಮಾನ ವರ್ತಕರು ಶತಮಾನಗಳಿಂದ ನೆಲೆಸಿದ್ದರು. ಜೈನ ಸೆಟ್ಟರು, ಕೊಂಕಣಿಗರು, ಮಲಬಾರಿನ ನಾವಿಕರು ಅದೇ ಬೀದಿಗಳಲ್ಲಿ ವ್ಯವಹರಿಸುತ್ತಿದ್ದರು. ಬಸದಿಗಳು ಎದ್ದ ಶತಮಾನದಲ್ಲಿಯೇ ಅಲ್ಲಿ ಖೇತಪೈ ನಾರಾಯಣ ದೇಗುಲವೂ ಎದ್ದಿತು. 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಾಲಯವು ಆರಂಭವಾಗಿ, ಅನ್ಯಮತಾಚರಣೆಗಳ ಮೇಲೆ ನಿರ್ಬಂಧ ಬಿಗಿಯಾದಾಗ, ಅನೇಕ ಕೊಂಕಣಿ ಕುಟುಂಬಗಳು ತಮ್ಮ ದೇವರನ್ನು ಹೊತ್ತು ದಕ್ಷಿಣದ ಕರಾವಳಿಗೆ ಬಂದು ನೆಲೆಸಿದವು. ಚೆನ್ನಭೈರಾದೇವಿಯ ಸೀಮೆಯಲ್ಲಿ ಅಂಥವರಿಗೆ ಆಶ್ರಯ ದೊರೆಯಿತೆಂಬ ನೆನಪನ್ನು ಕರಾವಳಿಯ ಜನಶ್ರುತಿ ಕಾಪಾಡಿಕೊಂಡಿದೆ.

ಅಭಯದಾನವು ಜೈನರ ಚತುರ್ವಿಧ ದಾನಗಳಲ್ಲಿ ಒಂದು. ಆಹಾರ, ಔಷಧ, ಶಾಸ್ತ್ರಗಳನ್ನು ಉಳ್ಳವರೆಲ್ಲ ಕೊಡಬಹುದು. ಹೆದರಿ ಓಡಿಬಂದವನಿಗೆ ನಿರ್ಭಯವಾಗಿ ಬಾಳುವ ನೆಲವನ್ನು ಕೊಡಲು ನೆಲವನ್ನು ಕಾಯುವ ಶಕ್ತಿಯೂ ಬೇಕು. ಒಂದು ರೇವನ್ನು ರಕ್ಷಿಸಿದ ಫಲವಾಗಿ ಎಷ್ಟು ಮನೆಗಳಲ್ಲಿ ದೀಪ ಉರಿಯಿತೆಂಬುದನ್ನು ಲೆಕ್ಕಹಾಕಿದಾಗ ಮಾತ್ರ ಆ ರಕ್ಷಣೆಯ ನಿಜವಾದ ಬೆಲೆ ತಿಳಿಯುತ್ತದೆ.

ಇಕ್ಕೇರಿಯ ಸೆರೆ

ಐವತ್ತು ವರ್ಷ ಕಡಲ ಶತ್ರುವನ್ನು ನಿಭಾಯಿಸಿದ ರಾಣಿಗೆ ಕೊನೆಯ ಆಪತ್ತು ಘಟ್ಟದ ಮೇಲಿನಿಂದ ಬಂದಿತು. ಕೆಳದಿಯ ವೆಂಕಟಪ್ಪ ನಾಯಕನು ಪರಾಕ್ರಮಿ, ತನ್ನ ರಾಜ್ಯವನ್ನು ಕರಾವಳಿಯವರೆಗೆ ವಿಸ್ತರಿಸಬೇಕೆಂಬ ಹಂಬಲವುಳ್ಳವನು. ಮೆಣಸಿನ ಸೀಮೆಯೂ ರೇವುಗಳೂ ಆತನಿಗೆ ಬೇಕಾಗಿದ್ದವು. ಬಿಳಗಿಯ ಅರಸರೂ ಆತನೊಡನೆ ಸೇರಿದರು. ವಯೋವೃದ್ಧೆಯಾದ ಚೆನ್ನಭೈರಾದೇವಿಯು 1606ರ ಸುಮಾರಿಗೆ ಸೋತು ಸೆರೆಯಾದಳು. ಆಕೆಯನ್ನು ಇಕ್ಕೇರಿಗೆ ಒಯ್ದು ಬಂಧನದಲ್ಲಿಟ್ಟರು, ಅಲ್ಲಿಯೇ ಆಕೆಯ ಬಾಳು ಮುಗಿಯಿತು.

ಈ ಸೋಲಿನಲ್ಲಿ ಕರಾವಳಿಯ ಹಳೆಯ ವ್ಯಥೆಯೇ ಮರುಕಳಿಸಿತು. 1570ರಲ್ಲಿ ಮತಭೇದವನ್ನು ಮರೆತು ಒಂದಾಗಿದ್ದ ನೆಲ, ಒಂದು ತಲೆಮಾರು ಕಳೆಯುವಷ್ಟರಲ್ಲಿ ಮತ್ತೆ ನೆರೆಹೊರೆಯ ಕಲಹಕ್ಕೆ ಬಿದ್ದಿತು. ತನ್ನ ನೋಟವೊಂದೇ ಪೂರ್ಣಸತ್ಯವೆಂದು ಹಿಡಿಯುವುದನ್ನು ಅನೇಕಾಂತವಾದವು ಏಕಾಂತವೆನ್ನುತ್ತದೆ. ಕೆಳದಿಯವರಿಗೆ ತಮ್ಮ ರಾಜ್ಯವಿಸ್ತಾರವೊಂದೇ ಸತ್ಯವಾಗಿ ಕಂಡಿತು. ಬಿಳಗಿಯವರಿಗೆ ತಮ್ಮ ಹಳೆಯ ಸ್ಪರ್ಧೆಯೊಂದೇ ಸತ್ಯವಾಗಿ ಕಂಡಿತು. ಹೊನ್ನಾವರದ ಕೋಟೆಯ ಮೇಲೆ ಹಾರುತ್ತಿದ್ದ ಪರಕೀಯ ಧ್ವಜವು ಆ ಗಳಿಗೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಅರ್ಧಶತಮಾನ ಸಿಂಹಾಸನದಲ್ಲಿದ್ದವರಿಗೆ ಸೆರೆಮನೆಯ ಕೋಣೆ ಏನನ್ನು ಕಲಿಸುತ್ತದೆ? ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ: ಐಶ್ವರ್ಯ, ಅಧಿಕಾರ, ದೇಹ ಎಲ್ಲವೂ ನೀರಮೇಲಣ ಗುಳ್ಳೆ. ಎರಡನೆಯದು ಅಶರಣ: ಕಾಲ ಬಂದಾಗ ಕೋಟೆ, ಸೈನ್ಯ, ಭಂಡಾರಗಳಾವುವೂ ಕಾಯಲಾರವು. ನಾಲ್ಕನೆಯದು ಏಕತ್ವ: ಜೀವವು ಒಂದಾಗಿ ಬರುತ್ತದೆ, ಒಂದಾಗಿ ಹೋಗುತ್ತದೆ, ತನ್ನ ಕರ್ಮದ ಫಲವನ್ನು ತಾನೊಂದೇ ಉಣ್ಣುತ್ತದೆ. ಅರಸುತನದ ಗದ್ದಲದಲ್ಲಿ ಈ ಭಾವನೆಗಳನ್ನು ಬಾಯಲ್ಲಿ ಪಠಿಸುವುದು ಸುಲಭ. ಎಲ್ಲವೂ ಕಳಚಿದ ಮೇಲೆ ಅವು ಪಠಣವಾಗಿ ಉಳಿಯದೆ ಅನುಭವವಾಗುತ್ತವೆ.

ನಾಲ್ಕು ಬಾಗಿಲ ಬಸದಿ

1623ರಲ್ಲಿ ಇಟಲಿಯ ಪ್ರವಾಸಿ ಪಿಯೆಟ್ರೊ ಡೆಲ್ಲ ವಾಲೆಯು ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲಕ್ಕೆ ಸಾಗಿ ಗೇರುಸೊಪ್ಪೆಯನ್ನು ಹಾದು ಇಕ್ಕೇರಿಗೆ ಹೋದನು. ಆತ ಸೇರಿಕೊಂಡದ್ದು ಪೋರ್ಚುಗೀಸರ ರಾಯಭಾರಿಯ ತಂಡವನ್ನು; ಆ ರಾಯಭಾರಿ ಹೊರಟದ್ದು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ರಾಣಿ ಹೋಗಿ ಹದಿನೇಳು ವರ್ಷವೂ ತುಂಬಿರಲಿಲ್ಲ. ಒಂದು ಕಾಲಕ್ಕೆ ಪ್ರಸಿದ್ಧವಾಗಿದ್ದ ನಗರವೂ ಅರಮನೆಯೂ ಹಾಳಾಗಿ, ಗಿಡಮರಗಳು ಬೆಳೆದು ಮುಚ್ಚಿದ್ದುದನ್ನು ಆತನು ಕಂಡನು. ಮೆಣಸಿನ ಸಮೃದ್ಧಿಯಿಂದಾಗಿ ಪೋರ್ಚುಗೀಸರು ಅಲ್ಲಿನ ರಾಣಿಗಿತ್ತಿದ್ದ ಹೆಸರನ್ನು ಮಾತ್ರ ಆಗಲೂ ಜನರ ಬಾಯಲ್ಲಿ ಕೇಳಿ ಬರೆದಿಟ್ಟನು. ರಾಣಿಯಿಂದ ಕೊಳ್ಳುತ್ತಿದ್ದವರು ಈಗ ಅದೇ ಮೆಣಸಿಗಾಗಿ ಇಕ್ಕೇರಿಯ ಬಾಗಿಲನ್ನು ತಟ್ಟುತ್ತಿದ್ದರು. ಮತ್ತೂ ಮೂರು ದಶಕಗಳು ಕಳೆದು, ಅದೇ ಕೆಳದಿ ವಂಶದ ಶಿವಪ್ಪ ನಾಯಕನು 1654ರ ಹೊತ್ತಿಗೆ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದನು. ಚೆನ್ನಭೈರಾದೇವಿಯು ಆರಂಭಿಸಿ ಮುಗಿಸಲಾಗದೆ ಉಳಿದ ಕಾರ್ಯ, ಆಕೆಯನ್ನು ಸೆರೆಹಿಡಿದವರ ಮನೆತನದಿಂದಲೇ ಪೂರ್ಣವಾಯಿತು. ಕರ್ಮದ ನಡೆ ಇಂತಹ ವಿಚಿತ್ರಗಳಿಂದ ಕೂಡಿದೆ.

ಇಂದು ಶರಾವತಿಯ ದಡದ ಕಾಡಿನಲ್ಲಿ ಚತುರ್ಮುಖ ಬಸದಿಯು ಶಿಥಿಲವಾದರೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಈ ರಚನೆಯು, ಸಮವಸರಣದಲ್ಲಿ ಜಿನೇಶ್ವರನು ಎಲ್ಲ ದಿಕ್ಕುಗಳ ಜೀವಿಗಳಿಗೂ ಸಮಾನವಾಗಿ ಅಭಿಮುಖನಾಗಿ ಕಾಣುವ ಭಾವವನ್ನು ಶಿಲೆಯಲ್ಲಿ ಮೂಡಿಸಿದೆ. ಅರಮನೆ ಮಣ್ಣಾಯಿತು, ಭಂಡಾರ ಬರಿದಾಯಿತು, ಮೆಣಸಿನ ಹಡಗುಗಳು ಕಣ್ಮರೆಯಾದವು. ಭಕ್ತಿಯಿಂದ ಕಟ್ಟಿದ ಬಾಗಿಲುಗಳು ಬಂದವರಿಗೆಲ್ಲ ತೆರೆದುಕೊಂಡೇ ಇವೆ.

ಈ ಬಾಳನ್ನು ಸ್ಮರಿಸುವ ಶ್ರಾವಕ ಶ್ರಾವಿಕೆಯರು ತಮ್ಮ ನಿತ್ಯವ್ಯವಹಾರದಲ್ಲಿಯೂ ಇದನ್ನು ಅನ್ವಯಿಸಿಕೊಳ್ಳಬಹುದು. ಪ್ರತಿಯೊಂದು ಮನೆಯೂ ಒಂದು ಪುಟ್ಟ ರಾಜ್ಯ. ಅದಕ್ಕೊಂದು ಗಡಿ, ಒಂದು ತಕ್ಕಡಿ, ಒಂದು ಹೆಬ್ಬಾಗಿಲು ಇವೆ. ಪರಿಗ್ರಹಪರಿಮಾಣವ್ರತದ ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ಅತಿಸಂಗ್ರಹವನ್ನೂ ಅತಿಲೋಭವನ್ನೂ ಹೆಸರಿಸಿದ್ದಾರೆ. ಗಳಿಕೆಯನ್ನು ನಿಷೇಧಿಸದೆ ಗಳಿಕೆಗೆ ಎಲ್ಲೆಯನ್ನು ಬೋಧಿಸಿದುದು ಜಿನಶಾಸನದ ಹಿರಿಮೆ. ಎಲ್ಲೆಯನ್ನು ಮೊದಲು ತನಗೆ ಹಾಕಿಕೊಳ್ಳುವುದು, ಆ ಎಲ್ಲೆಯೊಳಗೆ ತನ್ನನ್ನು ನಂಬಿದವರನ್ನು ಧೈರ್ಯದಿಂದ ಕಾಯುವುದು, ಕೊಡುಕೊಳ್ಳುವಲ್ಲಿ ತೂಕ ತಪ್ಪದಿರುವುದು, ಕಾಲ ಬಂದು ಎಲ್ಲವೂ ಕೈಜಾರುವಾಗ ಸಮಭಾವದಿಂದ ಬಿಟ್ಟುಕೊಡುವುದು, ಇವಿಷ್ಟೂ ಗೃಹಸ್ಥನ ಸಾಧನೆಯೇ. ಚೆನ್ನಭೈರಾದೇವಿಯ ಬಾಳು ಈ ಸಾಧನೆಯನ್ನು ನಡೆಸಲು ಹೊರಜಗತ್ತು ಶಾಂತವಾಗಲಿ ಎಂದು ಕಾಯಬೇಕಾಗಿಲ್ಲವೆಂಬುದನ್ನು ತಿಳಿಸುತ್ತದೆ.